ಲಾ ಫೇ ಏರಿನ ನಾಯಿ

ಆನ್ಸೆಲ್ಮ್ ಕೂರ್ತಿಯೊ ಗೆರೆ ಎಳೆದ ದಾರಿ ಎಂದರೆ ಬ್ರುಸೊಲ್ ಊರಿನ ಸೈಕಲ್ ಕೂಟದವರು ಕಣ್ಣು ಮುಚ್ಚಿಕೊಂಡು ಹೋಗುತ್ತಿದ್ದರು. ಮೂವತ್ತೆಂಟು ವರ್ಷ ಮೇಯರ್ ಕಚೇರಿಯ ರಸ್ತೆ ಕೆಲಸದಲ್ಲಿದ್ದವನು ಅವನು. ಯಾವ ತಿರುವಿನಲ್ಲಿ ಗುಂಡಿ ಬೀಳುತ್ತದೆ, ಯಾವ ಬೇಲಿಯ ಮುಳ್ಳು ಮೇ ತಿಂಗಳಲ್ಲಿ ರಸ್ತೆಗೆ ಚಾಚುತ್ತದೆ, ಯಾವ ರೈತ ಹಿಂದೆ ಮುಂದೆ ನೋಡದೆ ಟ್ರ್ಯಾಕ್ಟರ್ ಹೊರಡಿಸುತ್ತಾನೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಭೂಪಟದಲ್ಲಿ ಸಣ್ಣ ಬಿಳಿ ಗೆರೆಯಾಗಿ ಕಾಣುವ, ಬೆಳಗಿನಿಂದ ಸಂಜೆಯವರೆಗೆ ನಾಲ್ಕು ಕಾರೂ ಓಡದ ರಸ್ತೆಗಳೇ ಅವನ ಆಸ್ತಿ. ಜೂನ್ ತಿಂಗಳ ಮೊದಲ ಭಾನುವಾರ ಕೂಟದ ವಾರ್ಷಿಕ ಸವಾರಿ. ಅದಕ್ಕೆ ಮೊದಲಿನ ವಾರ ಅವನು ಒಂದು ಡಬ್ಬಿ ಹಳದಿ ಬಣ್ಣ, ಒಂದು ಮೋಟು ಬ್ರಷ್ಷು ಹಿಡಿದುಕೊಂಡು ಹೋಗಿ, ಪ್ರತಿ ಕವಲಿನಲ್ಲೂ ಮಂಡಿಯೂರಿ ಟಾರಿನ ಮೇಲೆ ಬಾಣ ಬರೆಯುತ್ತಿದ್ದ. ಬಾಣ ಎಡಕ್ಕೆ ತಿರುಗಿದರೆ ಇನ್ನೂರು ಸೈಕಲ್ಲು ಎಡಕ್ಕೆ ತಿರುಗುತ್ತಿದ್ದವು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅವನಿಗೆ ಇನ್ನೊಂದು ಹೆಸರಿತ್ತು, ಮೇಕೆ. ಏರು ಕಂಡರೆ ಅವನ ಕಾಲಿಗೆ ಹುರುಪು ಬರುತ್ತದೆಂದು ಇಟ್ಟ ಹೆಸರು. ಅದನ್ನು ಅವನು ಪದಕದ ಹಾಗೆ ಎದೆಗೆ ಹಚ್ಚಿಕೊಂಡು ತಿರುಗುತ್ತಿದ್ದ. ಸೈಕಲ್ ಹೊಡೆಯುವವನಿಗೆ ಏರಿನಲ್ಲಿ ಕಾಲು ನೆಲಕ್ಕೆ ಊರುವುದೆಂದರೆ ನಾಲ್ಕು ಜನರ ಮುಂದೆ ಚಡ್ಡಿ ಜಾರಿದ ಹಾಗೆ. ಯಾರಾದರೂ ಇಳಿದು ತಳ್ಳಿಕೊಂಡು ಬಂದರೋ, ಮುಗಿಯಿತು ಅವರ ಕಥೆ. ಆಗಿನ ಅಧ್ಯಕ್ಷ ಒಕ್ತಾವ್, ಮಾಂಸದಂಗಡಿ ಮುಚ್ಚಿ ನಿವೃತ್ತನಾಗಿದ್ದ ದಪ್ಪ ಮನುಷ್ಯ, ಒಮ್ಮೆ ಹಾಗೆ ಸಿಕ್ಕಿಬಿದ್ದಾಗ ಆನ್ಸೆಲ್ಮ್ ಅಷ್ಟು ಜನರ ನಡುವೆ, "ಏನಪ್ಪಾ ಒಕ್ತಾವ್, ಸೈಕಲ್ಲಿಗೆ ವಾಕಿಂಗ್ ಮಾಡಿಸ್ತಿದೀಯಾ?" ಎಂದಿದ್ದ. ಆ ಮಾತು ಊರಲ್ಲಿ ಎರಡು ವರ್ಷ ಓಡಿತು. ಒಕ್ತಾವ್ ನಕ್ಕ. ಆದರೆ ಆ ನಗು ತುಟಿಯಲ್ಲೇ ಉಳಿಯಿತು.

ಸವಾರಿಯ ಕೊನೆಯ ಏರು ಲಾ ಫೇ. ನಾಲ್ಕು ಮನೆಗಳ ಹಟ್ಟಿ ಅದು, ಅದರಲ್ಲಿ ಮೂರಕ್ಕೆ ಬೀಗ. ನಾಲ್ಕನೆಯದರಲ್ಲಿ ಸೊಲಾಂಜ್ ಪೆರಿಶೂ ಎಂಬ ವಿಧವೆ, ಆರು ಹಸು, ಒಂದಷ್ಟು ಕೋಳಿ, ಪೊಂಪೊಂ ಎಂಬ ಜೂಲು ನಾಯಿ. ಯಾರೂ ಹೇಳದಿದ್ದರೂ ಅವಳು ಪ್ರತಿ ವರ್ಷ ಆ ಭಾನುವಾರ ಅಂಗಳದ ಅಕ್ರೋಟ್ ಮರದ ಕೆಳಗೆ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಹಿಟ್ಟಿನೊಳಗೆ ಆಲೂಗಡ್ಡೆ ತುಂಬಿ ಬೇಯಿಸಿದ ಪಾತೆ ಇಡುತ್ತಿದ್ದಳು. ಮೇಲಿನ ಹಿಟ್ಟಿನ ಮುಚ್ಚಳಕ್ಕೆ ತೂತು ಮಾಡಿ ಕೆನೆ ಹೊಯ್ದ, ಮೊಣಕೈತನಕ ತುಪ್ಪದಂತೆ ಸೋರುವ ಪಾತೆ. ಸವಾರರ ದಾರಿಚೀಟಿಗೆ ಮೂರು ಕಡೆ ಮುದ್ರೆ ಬೀಳಬೇಕು, ಮೂರನೆಯದು ಅವಳದು. ಗಂಡ ಹಸುಗಳ ಕಾಗದಕ್ಕೆ ಒತ್ತುತ್ತಿದ್ದ ರಬ್ಬರ್ ಮೊಹರನ್ನೇ ಅವಳು ಎಲ್ಲರ ಚೀಟಿಗೂ ಒತ್ತಿ, "ಹೋಗಿ ಬನ್ನಿ, ನೀವೂ ನನ್ನ ಹಟ್ಟಿಯ ದನಗಳೇ" ಎನ್ನುತ್ತಿದ್ದಳು. ನಾಯಿ ಪ್ರತಿಯೊಬ್ಬ ಸವಾರನನ್ನೂ ಏರಿನ ಬುಡದಿಂದ ಮೇಜಿನವರೆಗೆ ಕರೆತಂದು, ಮತ್ತೆ ಮುಂದಿನವನಿಗಾಗಿ ಓಡಿ ಇಳಿಯುತ್ತಿತ್ತು.

ಹನ್ನೊಂದು ವರ್ಷದ ಹಿಂದೆ, ಆನ್ಸೆಲ್ಮ್‌ಗೆ ಅರವತ್ತೊಂದಾಗಿದ್ದಾಗ, ಅದೇ ಏರಿನಲ್ಲಿ ಅವನ ಕಾಲು ನಿಂತಿತು. ಚಳಿಗಾಲವೆಲ್ಲ ಕೆಮ್ಮಿ ಎದೆ ಇನ್ನೂ ಸರಿಹೋಗಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ. ಉಳಿದವರನ್ನೆಲ್ಲ ಹಿಂದೆ ಹಾಕಿ ಒಬ್ಬನೇ ಮುಂದೆ ಬಂದಿದ್ದ. ಎರಡನೇ ತಿರುವಿನಲ್ಲಿ ಕಣ್ಣಿಗೆ ಕತ್ತಲೆ ಕವಿಯಿತು, ಸೈಕಲ್ಲು ವಾಲಿತು, ಎಡಗಾಲು ನೆಲಕ್ಕೆ ತಾಕಿತು. ಅತ್ತ ಇತ್ತ ನೋಡಿದ. ಯಾರೂ ಇರಲಿಲ್ಲ, ನಾಯಿಯೊಂದನ್ನು ಬಿಟ್ಟು. ನಾಯಿ ಬಾಲ ಅಲ್ಲಾಡಿಸುತ್ತ ಅವನ ಮುಖವನ್ನೇ ನೋಡುತ್ತ ಕುಳಿತಿತ್ತು, ಏಳು ಎನ್ನುವ ಹಾಗೆ.

ಅಷ್ಟರಲ್ಲಿ ತರಕಾರಿ ತೋಟದ ಬೇಲಿ ದಾಟಿ ಸೊಲಾಂಜ್ ಬಂದಳು. ಮಾತಿಲ್ಲ ಕತೆಯಿಲ್ಲ, ಸೀಟಿನ ಹಿಂಭಾಗ ಹಿಡಿದು ತಳ್ಳತೊಡಗಿದಳು. ಹ್ಯಾಂಡಲ್ ಹಿಡಿದು ಅವನು, ಸೀಟು ಹಿಡಿದು ಅವನಿಗಿಂತ ಹನ್ನೊಂದು ವರ್ಷ ಹಿರಿಯಳಾದ ಅವಳು, ಮುಂದೆ ಮುಂದೆ ನಾಯಿ. ಹೀಗೆ ಬ್ರುಸೊಲ್‌ನ ಮೇಕೆ ಲಾ ಫೇ ಹತ್ತಿತು. ಮೇಲೆ ಬಂದ ಮೇಲೆ ಅವಳು ಏಪ್ರನ್ನಿನಿಂದ ಅವನ ಮುಖ ಒರೆಸಿದಳು. "ನೀರು ಕುಡಿ ಮಗಾ. ನಾನು ಯಾರಿಗೂ ಹೇಳಲ್ಲ ಬಿಡು," ಎಂದಳು.

ಅದೇ ಅವನನ್ನು ಕೊರೆದದ್ದು. ಅವಳು ನಕ್ಕಿದ್ದರೆ, ಗೇಲಿ ಮಾಡಿದ್ದರೆ, ಅವನೂ ಏನಾದರೂ ಒಂದು ಮಾತು ತಿರುಗಿಸಿ ಅಲ್ಲಿಗೇ ಮುಗಿಸುತ್ತಿದ್ದ. ಯಾರಿಗೂ ಹೇಳುವುದಿಲ್ಲ ಎಂದರೆ ಹೇಳುವಂಥದ್ದೊಂದು ಇದೆ ಎಂದಾಯಿತಲ್ಲ. ಉಳಿದವರು ಏದುಸಿರು ಬಿಡುತ್ತ ಒಬ್ಬೊಬ್ಬರಾಗಿ ಬರುವಷ್ಟರಲ್ಲಿ ಅವನು ಮರಕ್ಕೆ ಒರಗಿ ಕಾಲು ಚಾಚಿ ಕುಳಿತು, ಕಾದು ಕಾದು ಸಾಕಾಯಿತೆಂದು ಆಕಳಿಸಿ ತೋರಿಸಿದ. ಸೊಲಾಂಜ್ ಪಾತೆ ಕೊಯ್ಯುತ್ತಿದ್ದಳು, ತಲೆ ಎತ್ತಲಿಲ್ಲ. ಅವಳು ತಲೆ ಎತ್ತದೇ ಇದ್ದದ್ದನ್ನೂ ಅವನಿಗೆ ಸಹಿಸಲಾಗಲಿಲ್ಲ.

ಮುಂದಿನ ವರ್ಷದ ಮೇ ತಿಂಗಳಲ್ಲಿ ಊರ ಕೆಫೆಯ ಹಿಂಬದಿ ಕೋಣೆಯಲ್ಲಿ ಕೂಟದ ಸಭೆ. ಮೇಜಿನ ಮೇಲೆ ಭೂಪಟ ಹಾಸಿ ಆನ್ಸೆಲ್ಮ್ ಪೆನ್ಸಿಲ್ ಓಡಿಸುತ್ತಿದ್ದ. ಲಾ ಫೇ ಹತ್ತಿರ ಬಂದಾಗ ಪೆನ್ಸಿಲ್ ಬಲಕ್ಕೆ ಹೊರಳಿ ಕಣಿವೆಯ ದಾರಿ ಹಿಡಿಯಿತು. ಒಕ್ತಾವ್ ಅದನ್ನು ನೋಡಿ ಲಾ ಫೇ ಯಾಕೆ ಬಿಟ್ಟೆ ಎಂದ. ಆನ್ಸೆಲ್ಮ್ ಕಾರಣ ಸಿದ್ಧಮಾಡಿಕೊಂಡು ಬಂದಿರಲಿಲ್ಲ. ಬಾಯಿಗೆ ಬಂದದ್ದು ಆಚೆ ಬಿತ್ತು.

"ಅಲ್ಲಿ ನಾಯಿ ಇದೆ."

"ಪೊಂಪೊಂ ತಾನೆ? ಅದಕ್ಕೇನಾಯ್ತು?"

"ಕಚ್ಚುತ್ತೆ. ಹೋದ ಸಲ ಒಬ್ಬರಿಗೆ ಕಚ್ತು. ಹೊರಗಿನವರು, ಹೆಸರು ಹೇಳ್ಬೇಡ ಅಂದಿದಾರೆ."

ಒಬ್ಬರಾದರೂ ಹುಬ್ಬೇರಿಸಲಿಲ್ಲ. ರಸ್ತೆಯ ವಿಷಯದಲ್ಲಿ ಆನ್ಸೆಲ್ಮ್ ಹೇಳಿದ್ದೇ ವೇದವಾಕ್ಯ. ಅದೂ ಅಲ್ಲದೆ, ಆ ಏರು ತಪ್ಪಿತೆಂದು ಒಕ್ತಾವ್ ಮುಖದಲ್ಲಿ ಎಂಥದೋ ನಿರಾಳ ಮೂಡಿದ್ದನ್ನು ಅವನು ಗಮನಿಸಿದ; ಯಾಕೆಂದು ಯೋಚಿಸುವ ವ್ಯವಧಾನ ಮಾತ್ರ ಅವನಿಗಿರಲಿಲ್ಲ.

ಸುಳ್ಳು ಹೇಳಿದವನು ಅದು ಕೋಣೆಯೊಳಗೇ ಉಳಿಯುತ್ತದೆಂದು ಎಣಿಸಿದ್ದ. ಅದು ಮೇಯರ್ ಕಿವಿಗೆ ಬಿತ್ತು. ಜುಲೈನಲ್ಲಿ ಸೊಲಾಂಜ್‌ಗೆ ಕಾಗದ ಹೋಯಿತು: ನಿಮ್ಮ ನಾಯಿ ಸವಾರರೊಬ್ಬರನ್ನು ಕಚ್ಚಿದೆಯೆಂದು ತಿಳಿದುಬಂದಿದೆ, ಇನ್ನು ಮುಂದೆ ಅದನ್ನು ಕಟ್ಟಿಹಾಕತಕ್ಕದ್ದು. ನಾಯಿಗೆ ಆಗ ನಾಲ್ಕು ವರ್ಷ. ಸರಪಳಿ ಬಂತು. ಆ ವರ್ಷದ ಜೂನ್‌ನಲ್ಲಿ ಅವಳು ಎಂದಿನಂತೆ ಮೇಜು ಹಾಕಿ ಸಂಜೆಯವರೆಗೆ ಕಾದಿದ್ದಳಂತೆ, ಒಂದು ಸೈಕಲ್ಲೂ ಬಂದಿರಲಿಲ್ಲ. ಯಾಕೆ ಬರಲಿಲ್ಲವೆಂದು ಈಗ ಕಾಗದ ಹೇಳಿತು.

ಕಾಗದ ಬಂದ ವಾರದಲ್ಲೇ ಅವಳು ಹಳೇ ಮೊಪೆಡ್ ಏರಿ ಆನ್ಸೆಲ್ಮ್ ಮನೆಯ ಗೇಟಿಗೆ ಬಂದಳು. ಹಿಂದಿನ ಬುಟ್ಟಿಯಲ್ಲಿ ಬಟ್ಟೆ ಸುತ್ತಿದ ಪಾತೆ, ಇನ್ನೂ ಬೆಚ್ಚಗಿತ್ತು. ಯಾರನ್ನು ಕಚ್ಚಿತೆಂದು ಮೇಯರ್ ಕಚೇರಿಯಲ್ಲಿ ಹೇಳುತ್ತಿಲ್ಲ, ನಿನಗೆ ಗೊತ್ತಂತೆ, ಹೆಸರು ಬೇಡ ಬಿಡು, ಎಂದು ಬಟ್ಟೆಯ ಗಂಟನ್ನು ಅವನ ಕೈಗಿಟ್ಟಳು. "ಕಚ್ಚಿಸ್ಕೊಂಡವರಿಗೆ ತಲುಪಿಸು ಮಗಾ. ಪೆರಿಶೂ ಮನೆಯವಳು ತಪ್ಪಾಯ್ತು ಅಂದ್ಲು ಅಂತ ಹೇಳು."

ಆಗ ಹೇಳಬಹುದಿತ್ತು. ಗೇಟಿನ ಬಳಿ ಅವರಿಬ್ಬರ ಹೊರತು ನರಪಿಳ್ಳೆಯೂ ಇರಲಿಲ್ಲ. ಆನ್ಸೆಲ್ಮ್ ಗಂಟು ತೆಗೆದುಕೊಂಡು, ತಲುಪಿಸ್ತೀನಿ, ಎಂದ.

ಮೊದಲ ವರ್ಷ ಅದನ್ನು ಕೋಳಿಗಳಿಗೆ ಹಾಕಿದ. ಅವಳು ಅಷ್ಟಕ್ಕೇ ನಿಲ್ಲಿಸುವವಳಲ್ಲ. ಪ್ರತಿ ಜೂನ್‌ನಲ್ಲೂ, ಅವಳಿಗೆ ಮೊಪೆಡ್ ಓಡಿಸಲಾಗದಂತಾದ ಮೇಲೆ ಬ್ರೆಡ್ಡಿನ ವ್ಯಾನಿನವನ ಕೈಯಲ್ಲಿ, ಪಾತೆ ಬರುತ್ತಲೇ ಇತ್ತು. ಎರಡನೇ ವರ್ಷ ತುದಿ ಮುರಿದು ಬಾಯಿಗಿಟ್ಟುಕೊಂಡ. ಮೂರನೇ ವರ್ಷ ಇಡೀ ಪಾತೆಯನ್ನು ಮೂರು ದಿನ ಬಿಸಿ ಮಾಡಿಕೊಂಡು ಒಬ್ಬನೇ ತಿಂದ. ರುಚಿಯಾಗಿತ್ತು, ಅದೇ ಅವನ ಕರ್ಮ. ಹೆಂಡತಿ ಬದುಕಿದ್ದರೆ ಇದು ಯಾರ ಪಾಲಿನದು ಎಂದು ಕೇಳುತ್ತಿದ್ದಳು. ಅವಳು ತೀರಿಕೊಂಡು ವರ್ಷಗಳಾಗಿದ್ದವು, ಕೇಳುವವರಿರಲಿಲ್ಲ. ಅವನು ಬಟ್ಟೆ ಒಗೆದು, ಇಸ್ತ್ರಿ ಮಾಡಿ, ವಾಪಸು ಕಳಿಸುತ್ತಿದ್ದ. ಅಷ್ಟೊಂದು ನೀಟಾಗಿ ಮಡಚುತ್ತಿದ್ದನೆಂದರೆ, ಮಡಚುವಾಗ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಹೀಗೆ ಹತ್ತು ವರ್ಷ. ಲಾ ಫೇ ರಸ್ತೆಯಲ್ಲಿ ಹುಲ್ಲು ಟಾರು ಸೀಳಿಕೊಂಡು ಬಂತು. ಸುತ್ತಲಿನ ನಾಲ್ಕು ಊರಿನ ಕೂಟಗಳೂ ಅತ್ತ ಹೋಗುವುದನ್ನು ಬಿಟ್ಟವು.

ಈ ವರ್ಷ ಅಧ್ಯಕ್ಷೆಯಾದವಳು ಆರ್ಮೆಲ್, ಹಟ್ಟಿ ಹಟ್ಟಿಗೆ ಹೋಗಿ ಮುದುಕರ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸ್. ಏಪ್ರಿಲ್‌ನಲ್ಲಿ ಅವಳು ಆನ್ಸೆಲ್ಮ್ ಅಡುಗೆಮನೆಯಲ್ಲಿ ಕುಳಿತು ಭೂಪಟದ ಮೇಲೆ ಬೆರಳಿಟ್ಟಳು. ಪೊಂಪೊಂ ಫೆಬ್ರವರಿಯಲ್ಲಿ ಸತ್ತಿತು, ಸೊಲಾಂಜ್ ಕಾಲಿಗೆ ಪಟ್ಟಿ ಕಟ್ಟಲು ವಾರಕ್ಕೆರಡು ಸಲ ಹೋಗುತ್ತೇನೆ, ಅಷ್ಟು ನಿಶ್ಶಬ್ದವಾದ ರಸ್ತೆ ಈ ಸೀಮೆಯಲ್ಲೇ ಇಲ್ಲ, ಇನ್ನೇನು ಅಡ್ಡಿ, ಎಂದಳು. ಸೊಲಾಂಜ್ ಮತ್ತೆ ಮೇಜು ಹಾಕುತ್ತಾಳಂತೆ, ಎಂಬತ್ಮೂರಾದರೂ. ಆನ್ಸೆಲ್ಮ್ ತಲೆಯಾಡಿಸಿದ. ನಾಯಿ ಸತ್ತಿತೆಂಬ ಮಾತಿಗೆ ಅವನ ಎದೆಯಲ್ಲಿ ಮೊದಲು ಹುಟ್ಟಿದ್ದು ಬಿಡುಗಡೆ. ಹೀಗೂ ಆದೆನಲ್ಲ ಎಂದು ಆ ರಾತ್ರಿ ಊಟ ಸೇರಲಿಲ್ಲ. ಬಾಣ ಬರೆಯುವ ಮೊದಲು ಸೊಲಾಂಜ್‌ಗೆ ಹೇಳಿಬಿಡಬೇಕೆಂದು ನಿಶ್ಚಯಿಸಿದ.

ಮೇ ಕೊನೆಯ ಮಂಗಳವಾರ ಬಣ್ಣದ ಡಬ್ಬಿ ಕಟ್ಟಿಕೊಂಡು ಹೊರಟ. ಎಪ್ಪತ್ತೆರಡರ ಕಾಲು, ಲಾ ಫೇಯನ್ನು ಬುಡದಿಂದಲೇ ತಳ್ಳಿಕೊಂಡು ಹತ್ತಿತು. ಅಂಗಳದಲ್ಲಿ ನಾಯಿಗೂಡು ಹಾಗೇ ಇತ್ತು. ಅದರ ಮುಂದೆ ಸರಪಳಿ ಎಟುಕುವಷ್ಟೇ ಅಗಲದ ಅರ್ಧವೃತ್ತ, ಒಂದೆಸಳು ಹುಲ್ಲಿಲ್ಲದೆ ಗಟ್ಟಿಯಾಗಿ ತುಳಿದ ಮಣ್ಣು. ಸತ್ತು ಮೂರು ತಿಂಗಳಾದರೂ ಅಲ್ಲಿ ಏನೂ ಚಿಗುರಿರಲಿಲ್ಲ. ಆನ್ಸೆಲ್ಮ್ ಅದನ್ನು ನೋಡಿದ್ದೇ ತಡ, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಚದುರಿಹೋಯಿತು.

ಸೊಲಾಂಜ್ ಬೆಂಚಿನ ಮೇಲೆ ಬಟಾಣಿ ಸುಲಿಯುತ್ತಿದ್ದಳು. ಕುಳಿತುಕೋ ಎಂದಳು. ಅವನು ಕುಳಿತುಕೊಳ್ಳಲಿಲ್ಲ. ಇಷ್ಟು ವರ್ಷದ ಮೇಲೆ ನಿಜ ಹೇಳಲು ಬಂದ ಮನುಷ್ಯ, ಬಾಯಿ ತೆರೆದಾಗ ಇನ್ನೊಂದು ಸುಳ್ಳು ಹೇಳಿದ. ಅರ್ಧ ನಿಜ ಹೇಳಿದರೆ ಪೂರ್ತಿ ನಾಚಿಕೆ ತಪ್ಪೀತೆಂಬ ಆಸೆ.

"ಮದಾಂ ಪೆರಿಶೂ, ಆವತ್ತು ನಿಮ್ಮ ನಾಯಿ ಕಚ್ಚಿದ್ದು ನನಗೇನೇ. ನಾನು ಯಾವತ್ತೋ ಮರೆತುಬಿಟ್ಟೆ. ನೀವೂ ಮರೆತುಬಿಡಿ."

ಅವಳು ಬಟಾಣಿಯ ಬೋಗುಣಿ ಪಕ್ಕಕ್ಕಿಟ್ಟಳು. ಏಪ್ರನ್ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಹತ್ತಿರ ಬಾ ಎಂದು ಕೈಮಾಡಿ, ಹಸುವಿನ ಗೊರಸು ನೋಡುವವಳಂತೆ ಅವನ ಕಾಲನ್ನು ಹಿಡಿದು ಬಾಗಿದಳು. ಸೈಕಲ್ ಹುಚ್ಚಿನವರು ಕಾಲಿನ ಕೂದಲು ಬೋಳಿಸುತ್ತಾರೆ. ಆನ್ಸೆಲ್ಮ್ ಈ ವಯಸ್ಸಿಗೂ ಬಿಟ್ಟಿರಲಿಲ್ಲ. ಮೊಣಕಾಲಿಂದ ಹಿಮ್ಮಡಿಯವರೆಗೆ ಮಗುವಿನ ಚರ್ಮದಂತೆ ನುಣ್ಣಗಿದ್ದ ಮೀನಖಂಡದ ಮೇಲೆ ಅವಳ ಹೆಬ್ಬೆರಳು ನಿಧಾನ ಇಳಿಯಿತು. ಎಡಗಾಲಾಯಿತು. ಬಲಗಾಲು ತಿರುಗಿಸು ಎಂದಳು. ತಿರುಗಿಸಿದ.

"ಎಲ್ಲಿ?" ಎಂದಳು.

ಅವನ ಕಿವಿ ಕಾದವು. ಮುದುಕಿಯ ಕೈಯಲ್ಲಿ ಕಾಲು ಕೊಟ್ಟು ನಿಂತ ತನ್ನ ಅವಸ್ಥೆ ಅವನಿಗೇ ಕಂಡಿತು. ಆಮೇಲೆ ಹೇಳಿದ, ತೊದಲುತ್ತ, ಎಲ್ಲವನ್ನೂ: ಎರಡನೇ ತಿರುವು, ಅವಳು ತಳ್ಳಿದ್ದು, ಯಾರಿಗೂ ಹೇಳಲ್ಲ ಅಂದದ್ದು, ಪೆನ್ಸಿಲ್ಲು, ಬಾಯಿಗೆ ಬಂದ ನಾಯಿ. ಪಾತೆ ಯಾರು ತಿಂದರೆಂಬುದನ್ನೂ ಹೇಳಿದ. ಅದನ್ನು ಹೇಳುವಾಗ ನೆಲ ನೋಡುತ್ತಿದ್ದ.

ಸೊಲಾಂಜ್ ಕನ್ನಡಕ ತೆಗೆದು ಏಪ್ರನ್ ಜೇಬಿಗೆ ಹಾಕಿದಳು.

"ಅಷ್ಟಕ್ಕಾ?" ಎಂದಳು. "ಅಲ್ಲ ಮಗಾ, ಈ ಏರು ಸೈಕಲ್ ಮೇಲೆ ಕೂತು ಹತ್ತಿದವರು ಯಾರಿದಾರೆ? ತೋಟದಿಂದ ನನಗೆ ಎಲ್ಲಾ ಕಾಣುತ್ತೆ. ನಿಮ್ಮ ಒಕ್ತಾವ್ ಪ್ರತಿ ವರ್ಷ ಬುಡದಿಂದ ತಳ್ಕೊಂಡೇ ಬರ್ತಿದ್ದ. ಎಲ್ಲರೂ ಅಷ್ಟೇ. ಕೊನೇ ತಿರುವಲ್ಲಿ ಹತ್ತಿ ಕೂತು ಮೇಜಿನ ಮುಂದೆ ಬಂದಿಳಿಯೋರು. ಒಬ್ಬೊಬ್ಬರಿಗೂ ಹೇಳಿದೀನಿ, ಯಾರಿಗೂ ಹೇಳಲ್ಲ ಅಂತ."

ಆನ್ಸೆಲ್ಮ್ ಬೆಂಚಿನ ತುದಿಯಲ್ಲಿ ಕುಸಿದು ಕುಳಿತ. ಯಾವ ಗುಟ್ಟಿಗಾಗಿ ಇಷ್ಟೆಲ್ಲ ಮಾಡಿದ್ದನೋ ಅದು ಗುಟ್ಟೇ ಆಗಿರಲಿಲ್ಲ. ಕೂಟದಲ್ಲಿ ಪ್ರತಿಯೊಬ್ಬನ ಜೇಬಿನಲ್ಲೂ ಅದೇ ಒಂದು ಇತ್ತು. ಉಳಿದವರು ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಮರ್ಯಾದೆಯಾಗಿ ಬದುಕಿದರು.

"ಕಾಗದ ಬಂದ ದಿನ ನಾನು ಅದನ್ನ ಹೊಡೆದೆ," ಎಂದಳು ಸೊಲಾಂಜ್. ದನಿ ಏರಲಿಲ್ಲ. "ಪೊರಕೆ ತಗೊಂಡು. ಮೊದಲೂ ಹೊಡೆದಿರಲಿಲ್ಲ, ಆಮೇಲೂ ಹೊಡೀಲಿಲ್ಲ. ಯಾಕೆ ಅಂತ ಅದಕ್ಕೆ ತಿಳೀಲೇ ಇಲ್ಲ. ಸಾಯೋವರೆಗೂ ಪೊರಕೆ ಕಂಡ್ರೆ ಗೂಡೊಳಗೆ ಹೋಗ್ತಿತ್ತು."

ಅವನು ಕ್ಷಮಿಸಿ ಎಂದ. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ಬೋಗುಣಿಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡಳು. "ನನ್ ಹತ್ರ ಹೇಳಿ ಏನು ಬಂತು? ಎಲ್ಲಿ ಹೇಳಿದ್ಯೋ ಅಲ್ಲಿ ಹೇಳು," ಎಂದಳಷ್ಟೆ. ಆನ್ಸೆಲ್ಮ್ ಆ ಮಧ್ಯಾಹ್ನ ಲಾ ಫೇಗೆ ತಿರುಗುವ ಕವಲಿನಲ್ಲಿ ಮಂಡಿಯೂರಿ ಬಾಣ ಬರೆದ. ಬಾಣದ ತುದಿ ವಕ್ರವಾಯಿತು. ಒರೆಸಿ ಮತ್ತೆ ಬರೆದ.

ಶುಕ್ರವಾರ ಕೆಫೆಯ ಅದೇ ಕೋಣೆಯಲ್ಲಿ ಸಭೆ. ಹೇಳಲೆಂದೇ ಹೋಗಿದ್ದ, ಹಾಗೆಂದು ಒಗೆದ ಅಂಗಿ ಹಾಕಿಕೊಂಡೂ ಹೋಗಿದ್ದ. ಆದರೆ ಅವನು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆರ್ಮೆಲ್ ಎದ್ದು ನಿಂತು, ಇನ್ನು ಮುಂದೆ ಈ ಸವಾರಿಗೆ ಆನ್ಸೆಲ್ಮ್ ಕೂರ್ತಿಯೊ ಹೆಸರಿಡುವುದೆಂದು ಕೂಟ ತೀರ್ಮಾನಿಸಿದೆ ಎಂದಳು. ಚಪ್ಪಾಳೆ ಬಿತ್ತು. ಒಕ್ತಾವ್ ವೈನ್ ಲೋಟ ಎತ್ತಿ, ಮೇಕೆಗೆ ಜಯವಾಗಲಿ ಎಂದ. ಆನ್ಸೆಲ್ಮ್ ಎದ್ದ. ನಲವತ್ತು ಮುಖ ಅವನನ್ನೇ ನೋಡುತ್ತಿದ್ದವು. ಎಲ್ಲರಿಗೂ ಧನ್ಯವಾದ ಎಂದು ಕುಳಿತ. ಮನೆಗೆ ಹೋಗುವಾಗ ತನ್ನ ಮೇಲೆ ಉಗಿಯಬೇಕೆನಿಸಿತು. ಬಾಯಲ್ಲಿ ಉಗುಳೂ ಇರಲಿಲ್ಲ.

ಭಾನುವಾರ ಬೆಳಗ್ಗೆ ಬಿಸಿಲು ಹದವಾಗಿತ್ತು. ಹತ್ತೂವರೆಯ ಹೊತ್ತಿಗೆ ಸವಾರರು ಲಾ ಫೇ ಹತ್ತತೊಡಗಿದರು. ಅಕ್ರೋಟ್ ಮರದ ಕೆಳಗೆ ಬಿಳಿ ಬಟ್ಟೆಯ ಮೇಜು, ಸಾಲಾಗಿ ಜೋಡಿಸಿದ ಪಾತೆ, ನೀರಿನ ಹೂಜಿ, ಹಳೆಯ ಮೊಹರು. ಮರದ ಹಿಂದೆ, ಬೇಲಿಯ ಬಳಿ, ಒಂದು ಚಪ್ಪಡಿ ಕಲ್ಲು ಹೊಸದಾಗಿ ಹಾಸಿತ್ತು. ಆನ್ಸೆಲ್ಮ್ ಬುಡದಿಂದ ಮೇಜಿನವರೆಗೂ ತಳ್ಳಿಕೊಂಡೇ ಬಂದ. ಕೊನೆಯ ತಿರುವಿನಲ್ಲೂ ಹತ್ತಿ ಕೂರಲಿಲ್ಲ. ನೋಡಿದವರು ಪಾಪ, ವಯಸ್ಸಾಯಿತು ಎಂದುಕೊಂಡರು. ಅಷ್ಟು ಸುಲಭವಾಗಿ ಕ್ಷಮೆ ಸಿಕ್ಕಿದ್ದು ಅವನಿಗೆ ಇನ್ನಷ್ಟು ಚುಚ್ಚಿತು.

ಅಂಗಳ ತುಂಬಿದಾಗ ಸೊಲಾಂಜ್ ಮೇಜಿಗೆ ಕೈಯೂರಿ ನಿಂತಳು. ಅವಳ ಎದುರು ಬಟ್ಟೆಯಲ್ಲಿ ಸುತ್ತಿದ ಒಂದು ಗಂಟಿತ್ತು. ನೀವೆಲ್ಲ ಬಂದದ್ದು ಸಂತೋಷ, ಎಂದಳು. ಒಂದು ಮಾತು ಕೇಳಬೇಕು, ಹತ್ತು ವರ್ಷದಿಂದ ಕೇಳಬೇಕೆಂದಿದ್ದೆ.

"ನನ್ನ ಪೊಂಪೊಂ ನಿಮ್ಮಲ್ಲಿ ಯಾರನ್ನ ಕಚ್ತು? ಅವರ ಮುಖ ನೋಡಿ ತಪ್ಪಾಯ್ತು ಅನ್ನಬೇಕು ನಾನು."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಹೊರಗಿನವರು ಅಂತೆ, ಎಂದು ಯಾರೋ ಗೊಣಗಿದರು. ಸೊಲಾಂಜ್ ಆನ್ಸೆಲ್ಮ್ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ; ಅವನಿಗೆ ಅದು ಗೊತ್ತಾಯಿತು. ಈಗಲೂ ಅವಳು ಯಾರಿಗೂ ಹೇಳುವವಳಲ್ಲ. ಅವನು ಸುಮ್ಮನಿದ್ದರೆ ಈ ಪ್ರಶ್ನೆ ಹೀಗೇ ಅಂಗಳದಲ್ಲಿ ನಿಂತು, ಜನ ಪಾತೆ ತಿಂದು, ಮುದ್ರೆ ಒತ್ತಿಸಿಕೊಂಡು, ಅವನ ಹೆಸರಿನ ಸವಾರಿ ಮುಗಿಸಿ ಹೋಗುತ್ತಾರೆ.

"ಯಾರನ್ನೂ ಕಚ್ಚಿಲ್ಲ," ಎಂದ ಆನ್ಸೆಲ್ಮ್.

ದನಿ ಸಣ್ಣಗಿತ್ತು, ಇನ್ನೊಮ್ಮೆ ಹೇಳಬೇಕಾಯಿತು. ಆಮೇಲೆ ಉಳಿದದ್ದನ್ನೂ ಹೇಳಿದ. ಏರಿನಲ್ಲಿ ತನ್ನ ಕಾಲು ನಿಂತದ್ದು, ಅದನ್ನು ಮುಚ್ಚಿಡಲು ನಾಯಿಯ ಮೇಲೆ ಹಾಕಿದ್ದು, ಹತ್ತು ವರ್ಷ ಬಾಣ ತಿರುಗಿಸಿದ್ದು. ಪಾತೆ ತಿಂದದ್ದು. ಆರ್ಮೆಲ್ ಬಾಯಿಯ ಹತ್ತಿರ ಒಯ್ದ ತುಂಡನ್ನು ಕೆಳಗಿಟ್ಟಳು. ಒಕ್ತಾವ್ ಮುಖ ಕೆಂಪಾಗಿ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಅವನ ಹಾಗೆ ಬೂಟು ನೋಡಿಕೊಳ್ಳುತ್ತಿದ್ದವರು ಇನ್ನೂ ಹಲವರಿದ್ದರು. ಯಾರೂ ಬೈಯಲಿಲ್ಲ, ಯಾರೂ ಹೋಗಲಿ ಬಿಡು ಎನ್ನಲೂ ಇಲ್ಲ.

ಸೊಲಾಂಜ್ ಮೇಜಿನ ಮೇಲಿದ್ದ ಗಂಟನ್ನು ಎತ್ತಿ, ಮೊದಲ ಸಲ ಗೇಟಿನ ಬಳಿ ಕೊಟ್ಟ ಹಾಗೆಯೇ, ಎರಡೂ ಕೈಯಿಂದ ಅವನಿಗೆ ಕೊಟ್ಟಳು. ಇನ್ನೂ ಬೆಚ್ಚಗಿತ್ತು.

"ಕಚ್ಚಿಸ್ಕೊಂಡಿದ್ದು ಯಾರು ಅಂತ ಈಗ ಎಲ್ಲರಿಗೂ ಗೊತ್ತಾಯ್ತು," ಎಂದಳು. "ಅಲ್ಲೇ ಮರದ ಹಿಂದೆ ಮಲಗಿದಾನೆ. ಈ ಸಲವಾದ್ರೂ ತಲುಪಿಸು ಮಗಾ."

ಸೈಕಲ್ ಬೂಟಿನ ಅಡಿಯಲ್ಲಿ ಲೋಹದ ತುಂಡಿರುತ್ತದೆ, ನಡೆದರೆ ಸದ್ದಾಗುತ್ತದೆ. ಹುಲ್ಲಿಲ್ಲದ ಆ ಅರ್ಧವೃತ್ತದ ಗಟ್ಟಿ ಮಣ್ಣಿನ ಮೇಲೆ ಹಾದು ಆನ್ಸೆಲ್ಮ್ ಮರದ ಹಿಂದಕ್ಕೆ ಹೋಗುವವರೆಗೂ ಅಂಗಳದಲ್ಲಿ ಆ ಸದ್ದೊಂದೇ ಇತ್ತು. ಅವನು ಕಲ್ಲಿನ ಮುಂದೆ ಮಂಡಿಯೂರಿ, ಬಟ್ಟೆ ಬಿಚ್ಚಿ, ಪಾತೆಯನ್ನು ಅದರ ಮೇಲಿಟ್ಟ. ಬಟ್ಟೆಯನ್ನು ಪ್ರತಿ ವರ್ಷದಂತೆ ನೀಟಾಗಿ ಮಡಚಲು ಹೋದ. ಕೈ ಬರಲಿಲ್ಲ.